ಪಾರ್ಕಿನಲ್ಲಿ ಅಪರಿಚಿತರನ್ನು ಕಂಡರೆ ನಡುಗುವ ನಾಯಿ: ಎಲ್ಲಿಂದ ಶುರು ಮಾಡಲಿ?

ಚುಕ್ಕಿಯಮ್ಮ

ನಮ್ಮ ಚುಕ್ಕಿಗೆ ಈಗ ಎರಡು ವರ್ಷ. ಹತ್ತು ತಿಂಗಳ ಹಿಂದೆ ಪ್ರಾಣಿಗಳ ಆಶ್ರಯಧಾಮದಿಂದ ಕರೆತಂದೆವು. ಮನೆಯಲ್ಲಿ ಅವಳಷ್ಟು ಸಾಧು ಇನ್ನೊಬ್ಬರಿಲ್ಲ. ಕಾಲಿನ ಬಳಿ ಸುರುಳಿ ಸುತ್ತಿಕೊಂಡು ಮಲಗುತ್ತಾಳೆ, ಕೂರು ಎಂದರೆ ಕೂರುತ್ತಾಳೆ, ಕರೆದರೆ ಓಡಿ ಬರುತ್ತಾಳೆ. ಪಾರ್ಕಿನ ಗೇಟು ದಾಟಿದರೆ ಮಾತ್ರ ನನ್ನ ಮಾತು ಅವಳ ಕಿವಿಗೇ ಬೀಳುವುದಿಲ್ಲ. ಬಾಲ ಹೊಟ್ಟೆಯಡಿಗೆ ಸೇರುತ್ತದೆ, ಕಿವಿಗಳು ತಲೆಗೆ ಅಂಟಿಕೊಳ್ಳುತ್ತವೆ. ಟೋಪಿ ಹಾಕಿದವರು, ಓಡುವವರು, ಮಗುವಿನ ತಳ್ಳುಗಾಡಿ, ಈ ಮೂರನ್ನು ಕಂಡರಂತೂ ಲೀಶನ್ನು ಕಿತ್ತುಕೊಂಡು ಹೋಗುವಷ್ಟು ಎಳೆಯುತ್ತಾಳೆ.

ಜನರ ಅಭ್ಯಾಸವಾಗಲಿ ಎಂದು ಒಂದು ತಿಂಗಳಿಂದ ಪಾರ್ಕಿಗೆ ಬರುವವರ ಕೈಗೆ ಬಿಸ್ಕತ್ತು ಕೊಟ್ಟು ಅವರಿಂದಲೇ ತಿನ್ನಿಸುತ್ತಿದ್ದೆ. ಮೊದಮೊದಲು ಕತ್ತು ಚಾಚಿ ತೆಗೆದುಕೊಳ್ಳುತ್ತಿದ್ದಳು. ನನಗೂ ಸಂತೋಷವಾಗಿತ್ತು. ಕಳೆದ ಭಾನುವಾರ ಒಬ್ಬ ಹಿರಿಯರ ಕೈಯಿಂದ ಬಿಸ್ಕತ್ತು ತೆಗೆದುಕೊಂಡಳು. ಅವರು ತಲೆ ಸವರಲು ಕೈ ಎತ್ತಿದ್ದೇ ತಡ, ಅದೇ ಕೈಗೆ ಬಾಯಿ ಹಾಕಿದಳು. ಹಲ್ಲು ತಾಗಲಿಲ್ಲ. ಆ ಹಿರಿಯರು ಬೈಯಲೂ ಇಲ್ಲ, 'ಪಾಪ, ಹೆದರಿದೆ' ಎಂದರು. ನನ್ನ ಕೈಕಾಲು ಮಾತ್ರ ಇನ್ನೂ ನಡುಗುತ್ತಿದೆ. ಪಾರ್ಕಿಗೆ ಕರೆದೊಯ್ಯುವುದನ್ನು ಬಿಟ್ಟುಬಿಡಬೇಕೇ? ಅಥವಾ ದಿನವೂ ಹೋಗಿ ಅಭ್ಯಾಸ ಮಾಡಿಸಬೇಕೇ? ಇದೇ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಬೂದುಬಾಲ

ಅಪರಿಚಿತರ ಕೈಯಿಂದ ತಿನ್ನಿಸುವುದನ್ನು ಇವತ್ತೇ ನಿಲ್ಲಿಸಿ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ.

ಸಂಜೆನಡಿಗೆ

ಅದೇಕೆ ನಿಲ್ಲಿಸಬೇಕು? ನಮ್ಮ ನಾಯಿ ಹಾಗೆಯೇ ಕಲಿತದ್ದು. ಈಗ ಯಾರನ್ನು ಕಂಡರೂ ಬಾಲ ಅಲ್ಲಾಡಿಸುತ್ತದೆ.

ಬೂದುಬಾಲ

ನಿಮ್ಮ ನಾಯಿಗೆ ಇದ್ದದ್ದು ಸಂಕೋಚ ಇರಬಹುದು, ಚುಕ್ಕಿಗೆ ಇರುವುದು ಭಯ. ಭಯ ಇರುವ ನಾಯಿಯ ಮುಂದೆ ಬಿಸ್ಕತ್ತು ಹಿಡಿದರೆ ಹೊಟ್ಟೆ ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ ಎಳೆಯುತ್ತದೆ. ಚುಕ್ಕಿಯಮ್ಮ ಬರೆದ 'ಕತ್ತು ಚಾಚಿ' ಎಂಬ ಮಾತನ್ನು ಇನ್ನೊಮ್ಮೆ ಓದಿ. ಹಿಂಗಾಲು ಎರಡೂ ಹಿಂದೆಯೇ ಊರಿಕೊಂಡಿರುತ್ತವೆ, ಕತ್ತು ಮಾತ್ರ ಉದ್ದವಾಗುತ್ತದೆ, ತಿಂಡಿ ಬಾಯಿಗೆ ಸಿಕ್ಕಿದ ಕೂಡಲೇ ಹಿಂದಕ್ಕೆ ಹಾರುತ್ತದೆ. ಇದನ್ನು ನಾವು ಸ್ನೇಹ ಎಂದುಕೊಳ್ಳುತ್ತೇವೆ. ತಿಂಡಿ ಮುಗಿದ ಮೇಲೆ ನಾಯಿಗೆ ಉಳಿಯುವುದೇನು? ಎರಡು ಅಡಿ ದೂರದಲ್ಲಿ ನಿಂತ ಅಪರಿಚಿತ, ಅವನ ಎತ್ತಿದ ಕೈ. ಆಗಲೇ ಬಾಯಿ ಹಾಕುವುದು. ಚುಕ್ಕಿ ಆ ದಿನ ಕಚ್ಚಬೇಕೆಂದಿದ್ದರೆ ಕಚ್ಚುತ್ತಿದ್ದಳು. ತಾಗಿಸದೆ ಬಿಟ್ಟದ್ದು ಎಚ್ಚರಿಕೆ. ಅವಳ ಮಟ್ಟಿಗೆ ಅದು ತುಂಬ ಮರ್ಯಾದೆಯ ಎಚ್ಚರಿಕೆ.

ಹತ್ತುಹೆಜ್ಜೆ

ಚುಕ್ಕಿಯಮ್ಮ ಅವರೇ, 'ಹೋಗಬೇಕೋ ಬಿಡಬೇಕೋ' ಎಂಬ ಪ್ರಶ್ನೆಯನ್ನು ಬದಿಗಿಡಿ. 'ಎಷ್ಟು ದೂರದಿಂದ' ಎಂದು ಕೇಳಿಕೊಳ್ಳಿ. ನನ್ನ ಕರಿಯನ ಜೊತೆ ಮೂರು ವರ್ಷ ಒದ್ದಾಡಿದ ಮೇಲೆ ನನಗೆ ತಿಳಿದದ್ದು ಇದೊಂದೇ.

ಪ್ರತಿ ನಾಯಿಗೂ ಒಂದು ಅಂತರ ಇರುತ್ತದೆ. ಅದರಾಚೆಗೆ ಮನುಷ್ಯ ಇದ್ದರೆ ನಾಯಿ ನೋಡುತ್ತದೆ, ಯೋಚಿಸುತ್ತದೆ, ನಿಮ್ಮ ಮಾತು ಕೇಳುತ್ತದೆ. ಅದರೊಳಗೆ ಬಂದರೆ ಯೋಚನೆ ನಿಲ್ಲುತ್ತದೆ. ಓಡು, ಇಲ್ಲವೇ ಬೊಗಳು, ಇಲ್ಲವೇ ಕಲ್ಲಿನ ಹಾಗೆ ನಿಂತುಬಿಡು. ಆ ಸ್ಥಿತಿಯಲ್ಲಿ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ಕರಿಯನ ಅಂತರ ಮೊದಲು 60 ಹೆಜ್ಜೆ ಇತ್ತು. ಪಾರ್ಕಿನ ಒಳಗೆ ಅಷ್ಟು ಜಾಗ ಎಲ್ಲಿ ಸಿಗಬೇಕು? ಅದಕ್ಕೇ ಎರಡು ತಿಂಗಳು ನಾವು ಪಾರ್ಕಿನ ಒಳಗೆ ಕಾಲೇ ಇಡಲಿಲ್ಲ. ಎದುರಿನ ರಸ್ತೆಯಾಚೆ ನಿಂತು ಗೇಟಿನ ಕಡೆ ನೋಡುತ್ತಿದ್ದೆವು, ಅಷ್ಟೇ.

ಅಂತರ ತಿಳಿಯುವ ಸುಲಭದ ಗುರುತು ತಿಂಡಿ. ಮನೆಯಲ್ಲಿ ಬೆರಳು ಸಮೇತ ನುಂಗುವಷ್ಟು ಇಷ್ಟಪಡುವ ಮಾಂಸದ ಚೂರನ್ನು ಹೊರಗೆ ಮೂಸಿಯೂ ನೋಡದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ತೆಗೆದುಕೊಂಡರೂ ಬೆರಳಿಗೆ ಹಲ್ಲು ಒತ್ತುವಷ್ಟು ಗಡಸಾಗಿ ತೆಗೆದುಕೊಂಡರೆ ಗಡಿಯ ಮೇಲೆ ಇದ್ದೀರಿ. ತುಟಿಯಿಂದ ಮೆತ್ತಗೆ ತೆಗೆದುಕೊಂಡರೆ ಅಲ್ಲಿಂದ ಕೆಲಸ ಶುರು ಮಾಡಬಹುದು.

ಗಟ್ಟಿಹಗ್ಗ

ರಸ್ತೆಯಾಚೆ ಎರಡು ತಿಂಗಳು ನಿಲ್ಲುವುದೇ? ನಾಯಿಗೆ ಬೇಕಾದದ್ದು ಧೈರ್ಯವಿರುವ ಯಜಮಾನ. ತೋಳದ ಗುಂಪಿನಲ್ಲಿ ಒಬ್ಬ ನಾಯಕ ಇರುತ್ತಾನೆ, ಉಳಿದವು ಅವನನ್ನು ನೋಡಿ ನಡೆಯುತ್ತವೆ. ನೀವು ಹೆದರಿದರೆ ನಾಯಿಯೂ ಹೆದರುತ್ತದೆ. ನಾನು ಮೂರು ನಾಯಿಗಳನ್ನು ಸಾಕಿದ್ದೇನೆ. ಜನರ ನಡುವೆ ಕರೆದೊಯ್ದು, ಲೀಶನ್ನು ಗಿಡ್ಡ ಹಿಡಿದು, ಎಳೆದಾಗ ಒಂದು ಝಟಕ ಕೊಟ್ಟು ನಡೆಸಿದೆ. ಹತ್ತು ದಿನದಲ್ಲಿ ಎಲ್ಲ ಸರಿಹೋಯಿತು.

ಪುಸ್ತಕದಹುಳು

ಗಟ್ಟಿಹಗ್ಗ ಅವರೇ, ತೋಳದ ನಾಯಕನ ಕಥೆಯ ಮೂಲ ಗೊತ್ತೇ? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು ಸೆರೆಯಲ್ಲಿದ್ದ ತೋಳಗಳನ್ನು. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಜಗಳವಾಡದೆ ಇನ್ನೇನು ಮಾಡುತ್ತವೆ? 1970ರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಬರೆದ ಮೇಲೆ ಅದು ಎಲ್ಲೆಡೆ ಹಬ್ಬಿತು. ಅದೇ ಮೆಕ್ ಕಾಡಿನ ತೋಳಗಳನ್ನು ಹತ್ತಿರದಿಂದ ನೋಡಿದ ಮೇಲೆ 1999ರಲ್ಲಿ ತಿದ್ದಿಕೊಂಡು ಬರೆದರು: ಕಾಡಿನ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಮುಂದೆ ನಡೆಯುವವರು ಹೆತ್ತವರು, ಕುಸ್ತಿಯಲ್ಲಿ ಗೆದ್ದವರಲ್ಲ. ಇಷ್ಟಕ್ಕೂ ನಾಯಿ ತೋಳವಲ್ಲ, ನಾವಂತೂ ತೋಳಗಳಲ್ಲವೇ ಅಲ್ಲ.

ಗಟ್ಟಿಹಗ್ಗ

ಪುಸ್ತಕ ಏನೇ ಹೇಳಲಿ, ನನ್ನ ನಾಯಿಗಳು ಜನರ ನಡುವೆ ಸದ್ದಿಲ್ಲದೆ ನಡೆಯುತ್ತವೆ. ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನಬೇಕೇ?

ಹತ್ತುಹೆಜ್ಜೆ

ಸುಳ್ಳು ಎನ್ನುತ್ತಿಲ್ಲ. ಸದ್ದಿಲ್ಲದಿರುವುದು ಬೇರೆ, ನೆಮ್ಮದಿಯಾಗಿರುವುದು ಬೇರೆ. ಕರಿಯನಿಗೂ ಒಬ್ಬ ತರಬೇತುದಾರರು ಹೀಗೆಯೇ ಮಾಡಿಸಿದರು. ಜನಜಂಗುಳಿಯ ನಡುವೆ ಅರ್ಧ ಗಂಟೆ ನಿಲ್ಲಿಸಿದರು. ಮೊದಲು ಬೊಗಳಿದ, ಎಳೆದಾಡಿದ, ಆಮೇಲೆ ಸುಮ್ಮನಾದ. 'ನೋಡಿ, ಕಲಿತ' ಎಂದರು. ನಾನು ಬಗ್ಗಿ ಅವನ ಮುಖ ನೋಡಿದೆ. ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿತ್ತು, ಬಾಯಿ ಬಿಗಿಯಾಗಿ ಮುಚ್ಚಿತ್ತು, ಅಂಗಾಲು ಬೆವರಿ ಸಿಮೆಂಟಿನ ನೆಲದ ಮೇಲೆ ಒದ್ದೆ ಹೆಜ್ಜೆಗುರುತು ಮೂಡಿತ್ತು. ಅವನು ಕಲಿತಿರಲಿಲ್ಲ, ಕೈಚೆಲ್ಲಿದ್ದ. ಮರುದಿನ ಮನೆಯ ಬಾಗಿಲು ದಾಟಲೂ ಒಪ್ಪಲಿಲ್ಲ. ಆ ಅರ್ಧ ಗಂಟೆಯನ್ನು ತೊಳೆಯಲು ನನಗೆ ಒಂದು ವರ್ಷ ಬೇಕಾಯಿತು.

ಪುಸ್ತಕದಹುಳು

ಇದರ ಮೇಲೆ ಅಧ್ಯಯನವೂ ಆಗಿದೆ. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು 92 ಸಾಕುನಾಯಿಗಳನ್ನು ತರಬೇತಿಯ ಹೊತ್ತಿನಲ್ಲಿ ಗಮನಿಸಿ, ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನೂ ಅಳೆದರು. ಝಟಕ, ಗದರಿಕೆ ಹೆಚ್ಚಿದ್ದ ಗುಂಪಿನ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ ಹೆಚ್ಚಿದ್ದವು, ತರಬೇತಿಯ ನಂತರ ಕಾರ್ಟಿಸಾಲ್ ಕೂಡ ಏರಿತ್ತು. ಪಶುಗಳ ನಡವಳಿಕೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಶಿಫಾರಸು ಮಾಡಿತು. ವೇಲ್ಸ್‌ನಲ್ಲಿ ಕರೆಂಟ್ ಹೊಡೆಯುವ ಕಾಲರನ್ನು 2010ರಲ್ಲೇ ನಿಷೇಧಿಸಿದ್ದಾರೆ.

ಗೋಣಿತಾಟು

ಎಲ್ಲರೂ ಜಗಳ ಆಡುತ್ತಿದ್ದೀರಿ, ಪಾಪ ಚುಕ್ಕಿಯಮ್ಮ ಕಾಯುತ್ತಿದ್ದಾರೆ.

ಪಶುವೈದ್ಯೆ

ತರಬೇತಿಗಿಂತ ಮೊದಲು ಒಂದು ಮಾತು. ಚುಕ್ಕಿಯ ಆರೋಗ್ಯ ತಪಾಸಣೆ ಆಗಿದೆಯೇ? ಹಿರಿಯರ ಕೈ ತಲೆಯ ಕಡೆ ಬಂದಾಗ ಬಾಯಿ ಹಾಕಿದಳು ಎಂದಿರಿ. ಕಿವಿಯೊಳಗೆ ಸೋಂಕಿದ್ದರೆ, ಹಲ್ಲು ನೋಯುತ್ತಿದ್ದರೆ, ಕತ್ತಿನಲ್ಲಿ ನೋವಿದ್ದರೆ ಸಾಧು ನಾಯಿಯೂ ತಲೆ ಮುಟ್ಟಿಸಿಕೊಳ್ಳುವುದಿಲ್ಲ. ಸೊಂಟದ ಕೀಲು ನೋಯುವ ನಾಯಿಗೆ ಎದುರಿನಿಂದ ಓಡಿ ಬರುವವರು ದೊಡ್ಡ ಅಪಾಯವಾಗಿ ಕಾಣುತ್ತಾರೆ, ಏಕೆಂದರೆ ತಾನು ಬೇಗ ಸರಿಯಲಾರೆ ಎಂದು ಅದಕ್ಕೆ ಗೊತ್ತಿರುತ್ತದೆ. 'ಹಟಮಾರಿ', 'ಸಿಡುಕ' ಎಂದು ಹೇಳಿಕೊಂಡು ನನ್ನ ಬಳಿ ಕರೆತಂದ ಎಷ್ಟೋ ನಾಯಿಗಳಲ್ಲಿ ಕೊನೆಗೆ ಸಿಕ್ಕಿದ್ದು ನೋವು.

ಎರಡನೆಯದು ಔಷಧ. ಕೆಲವು ನಾಯಿಗಳ ಭಯ ಎಷ್ಟು ಗಾಢವೆಂದರೆ ಎಷ್ಟು ದೂರ ನಿಂತರೂ ಅವಕ್ಕೆ ಪಾಠ ಹತ್ತುವುದಿಲ್ಲ. ಅಂಥವಕ್ಕೆ ಫ್ಲುಆಕ್ಸೆಟಿನ್‌ನಂಥ ಔಷಧ ಕೊಡುತ್ತೇವೆ. ಇದು ಮಂಪರು ಬರಿಸುವ ಔಷಧವಲ್ಲ, ಕೆಲಸ ಕಾಣಲು ನಾಲ್ಕರಿಂದ ಆರು ವಾರ ಬೇಕು. ಔಷಧ ಒಂದೇ ಸಾಲದು, ತರಬೇತಿಯೂ ಜೊತೆಗೆ ನಡೆಯಬೇಕು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ನಾಯಿಗೆ ಕೊಡುವ ಸಾಹಸ ಮಾತ್ರ ಯಾರೂ ಮಾಡಬೇಡಿ.

ಚುಕ್ಕಿಯಮ್ಮ

ಎಲ್ಲರಿಗೂ ಧನ್ಯವಾದ. ನಿನ್ನೆ ವೈದ್ಯರಿಗೆ ತೋರಿಸಿದೆ. ಎಡಗಿವಿಯೊಳಗೆ ನಿಜವಾಗಿಯೂ ಸೋಂಕಿದೆ! ಔಷಧದ ಹನಿ ಕೊಟ್ಟಿದ್ದಾರೆ. ಆ ಕಿವಿಯನ್ನು ಕಾಲಿನಿಂದ ಆಗಾಗ ಕೆರೆದುಕೊಳ್ಳುವುದನ್ನು ನೋಡಿಯೂ ಸುಮ್ಮನಿದ್ದೆನಲ್ಲ ಎಂದು ಸಂಕಟವಾಯಿತು. ಆದರೆ ಕಿವಿ ನೋವು ಇತ್ತೀಚಿನದು, ಜನರ ಭಯ ಬಂದ ದಿನದಿಂದಲೂ ಇದೆ.

ಇವತ್ತು ಬೆಳಿಗ್ಗೆ ಪಾರ್ಕಿನ ಹೊರಗೆ ನಿಂತು ಅಳೆದೆ. 40 ಹೆಜ್ಜೆ ದೂರದಲ್ಲಿ ಮೆತ್ತಗೆ ತಿಂದಳು, 30ರಲ್ಲಿ ಕಸಿದಳು, 25ರಲ್ಲಿ ಮೂಸಲೂ ಇಲ್ಲ. ಎರಡು ಪ್ರಶ್ನೆ. ಹೆದರಿದಾಗ ತಲೆ ಸವರಿ ಸಮಾಧಾನ ಮಾಡಿದರೆ ಭಯಕ್ಕೆ ಬಹುಮಾನ ಕೊಟ್ಟಂತೆ, ಇನ್ನೂ ಹೆಚ್ಚಾಗುತ್ತದೆ ಎನ್ನುತ್ತಾರೆ. ಹೌದೇ? ತಿಂಡಿಯನ್ನು ಯಾವಾಗ ಕೊಡಬೇಕು?

ಸಂಜೆನಡಿಗೆ

ಹೌದು, ಸಮಾಧಾನ ಮಾಡಬಾರದು. ಕಂಡೂ ಕಾಣದಂತೆ ಇರಬೇಕು.

ಬೂದುಬಾಲ

ಇಲ್ಲ, ಇದು ಹಳೆಯ ತಪ್ಪು ಕಲ್ಪನೆ. ಬಹುಮಾನದಿಂದ ಹೆಚ್ಚಾಗುವುದು ಕೆಲಸ: ಕೂರುವುದು, ಬರುವುದು, ಕೈ ಕೊಡುವುದು. ಭಯ ಕೆಲಸವಲ್ಲ, ಅದೊಂದು ಭಾವನೆ. ಗುಡುಗಿಗೆ ಹೆದರಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅದು ಇನ್ನಷ್ಟು ಹೆದರಲು ಕಲಿಯುತ್ತದೆಯೇ? ನಾಯಿ ತಾನಾಗಿ ನಿಮ್ಮ ಕಾಲಿಗೆ ಒರಗಿದರೆ ಧಾರಾಳವಾಗಿ ಎದೆ ಸವರಿ. ಆದರೆ ನೀವೇ ಬಿಗಿಯಾಗಿ ಅಪ್ಪಿ ಹಿಡಿಯಬೇಡಿ. ಹೆದರಿದ ಪ್ರಾಣಿಗೆ ಓಡುವ ದಾರಿ ಮುಚ್ಚಿದರೆ ಭಯ ಇಮ್ಮಡಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಸಮಾಧಾನ ಎಂದರೆ ಅಲ್ಲಿಂದ ದೂರ ಕರೆದೊಯ್ಯುವುದು.

ಹತ್ತುಹೆಜ್ಜೆ

ತಿಂಡಿಯ ಪ್ರಶ್ನೆಗೆ ಬರುತ್ತೇನೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದಕ್ಕೇ ತುಸು ಉದ್ದ ಬರೆಯುತ್ತೇನೆ.

ಕ್ರಮ ಮುಖ್ಯ. ಮೊದಲು ಮನುಷ್ಯ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ಪಾವ್ಲೋವ್ ಎಂಬ ವಿಜ್ಞಾನಿಯ ನಾಯಿಗಳ ವಿಷಯ ಶಾಲೆಯಲ್ಲಿ ಓದಿರುತ್ತೀರಿ. ಅಲ್ಲಿ ಸದ್ದು ಮೊದಲು, ಊಟ ಆಮೇಲೆ, ಕೊನೆಗೆ ಸದ್ದು ಕೇಳಿದರೇ ನಾಯಿಗೆ ಜೊಲ್ಲು ಸುರಿಯುತ್ತಿತ್ತು. ಊಟ ಮೊದಲು ಬಂದು ಸದ್ದು ಆಮೇಲೆ ಬಂದಿದ್ದರೆ ಸದ್ದಿಗೆ ಜೊಲ್ಲು ಸುರಿಯುತ್ತಿರಲಿಲ್ಲ. ನಾನು ಮೊದಲು ಮಾಡುತ್ತಿದ್ದ ತಪ್ಪು ಇದೇ. ದೂರದಲ್ಲಿ ಯಾರಾದರೂ ಬರುವುದು ನನಗೆ ಮೊದಲು ಕಂಡರೆ ಗಾಬರಿಯಿಂದ ಚೀಲಕ್ಕೆ ಕೈ ಹಾಕಿ ಕರಿಯನ ಮೂಗಿಗೆ ತಿಂಡಿ ಹಿಡಿಯುತ್ತಿದ್ದೆ. ಎರಡು ವಾರದಲ್ಲಿ ಅವನು ಕಲಿತದ್ದೇನು? ಚೀಲದ ಝಿಪ್ ಸದ್ದಾದರೆ ಅಪಾಯ ಬರುತ್ತಿದೆ ಎಂದು! ಝಿಪ್ ಎಳೆದ ಕೂಡಲೇ ಕತ್ತೆತ್ತಿ ಸುತ್ತ ಹುಡುಕಲು ಶುರು ಮಾಡಿದ.

ಸರಿಯಾದದ್ದು ಹೀಗೆ. 40 ಹೆಜ್ಜೆ ದೂರದಲ್ಲಿ ಸುಮ್ಮನೆ ನಿಲ್ಲಿ. ಕೈ ಚೀಲದಲ್ಲಿ ಬೇಡ, ಲೀಶ್ ಸಡಿಲವಾಗಿ ಇಂಗ್ಲಿಷ್‌ನ 'ಯು' ಅಕ್ಷರದ ಹಾಗೆ ಜೋತುಬಿದ್ದಿರಲಿ. ಒಬ್ಬರು ಕಾಣಿಸಿದರು. ಚುಕ್ಕಿ ನೋಡಲಿ. ಅವಳು ನೋಡಿದ ಕ್ಷಣವೇ ಒಂದು ಪದ ಹೇಳಿ, 'ಸರಿ' ಎಂದೋ 'ಹೂಂ' ಎಂದೋ, ಎಂದೂ ಒಂದೇ ಪದ ಇರಲಿ. ಆಮೇಲೆ ತಿಂಡಿ. ಅವರು ಕಾಣುತ್ತಿರುವಷ್ಟು ಹೊತ್ತೂ ಒಂದರ ಹಿಂದೆ ಒಂದು ಚೂರು. ಅವರು ಮರೆಯಾದರೆ ತಿಂಡಿಯೂ ಬಂದ್. ಕೆಲವು ದಿನ ಕಳೆದ ಮೇಲೆ ಒಂದು ಹೊಸದು ಕಾಣುತ್ತದೆ: ಮನುಷ್ಯನನ್ನು ನೋಡಿದವಳೇ ತಟ್ಟನೆ ನಿಮ್ಮ ಕಡೆ ತಿರುಗುತ್ತಾಳೆ, 'ಎಲ್ಲಿ ನನ್ನ ಪಾಲು?' ಎಂಬಂತೆ. ಆ ತಿರುವು ಬಂದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ಅದು ಬಂದ ಮೇಲೆಯೇ 40ರಿಂದ 37ಕ್ಕೆ ಇಳಿಯಿರಿ. 30ಕ್ಕೆ ಹಾರಬೇಡಿ.

ಚೂರು ಬಟಾಣಿಗಿಂತ ದೊಡ್ಡದಿರಬಾರದು. ಹತ್ತು ನಿಮಿಷದಲ್ಲಿ ಮುಗಿಸಿ ಮನೆಗೆ ಹೋಗಿ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್, ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಬೆರೆತ ಸಿಹಿ ಪದಾರ್ಥ ಇವು ನಾಯಿಗೆ ವಿಷ, ತಪ್ಪಿಯೂ ಬೇಡ.

ಗಟ್ಟಿಹಗ್ಗ

ಇದು ಲಂಚ. ತಿಂಡಿ ಇಲ್ಲದ ದಿನ ಏನು ಮಾಡುತ್ತೀರಿ?

ಬೂದುಬಾಲ

ಲಂಚ ಎಂದರೆ ಕೆಲಸಕ್ಕೆ ಮೊದಲು ತೋರಿಸುವುದು. ಇಲ್ಲಿ ಯಾವ ಕೆಲಸವನ್ನೂ ಕೇಳುತ್ತಿಲ್ಲ. 'ಅಪರಿಚಿತ' ಎಂಬ ಚಿತ್ರದ ಪಕ್ಕದಲ್ಲಿ ನಾಯಿಯ ಮನಸ್ಸಿನಲ್ಲಿ ಈಗ 'ಅಪಾಯ' ಎಂದು ಬರೆದಿದೆ. ಅದನ್ನು ಅಳಿಸಿ 'ತಿಂಡಿ' ಎಂದು ಬರೆಯುತ್ತಿದ್ದೇವೆ. ಬರೆದು ಮುಗಿದ ಮೇಲೆ ಒಂದು ದಿನ ಚೀಲ ಮರೆತರೆ ಏನೂ ಆಗುವುದಿಲ್ಲ. ಶುರುವಿನಲ್ಲಿ ಮರೆತರೆ ಆ ದಿನ ಪಾರ್ಕಿನ ಕಡೆ ಹೋಗಬೇಡಿ.

ಮೂರುಮರಿ

ಇದೆಲ್ಲ ಮರಿಯಾಗಿದ್ದಾಗ ಮಾಡಿದ್ದರೆ ಎಷ್ಟು ಸುಲಭ ಇತ್ತು! ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ, ಆಗ ನೋಡಿದ್ದೆಲ್ಲ ಅದಕ್ಕೆ ಸಹಜ ಎನಿಸುತ್ತದೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ಸಂಶೋಧಕರು 1965ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಆ ವಾರಗಳಲ್ಲಿ ಟೋಪಿ ಹಾಕಿದವರನ್ನೇ ಕಾಣದ ಮರಿಗೆ ಮುಂದೆ ಟೋಪಿ ಎಂದರೆ ವಿಚಿತ್ರ ಪ್ರಾಣಿ.

ಚುಕ್ಕಿಯಮ್ಮ

ಚುಕ್ಕಿಯ ಆ ವಾರಗಳು ಎಲ್ಲಿ ಕಳೆದವೋ ನನಗೆ ಗೊತ್ತಿಲ್ಲ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂರುಮರಿ

ನೋಯಿಸಬೇಕೆಂದು ಬರೆದದ್ದಲ್ಲ, ಕ್ಷಮಿಸಿ. ನನ್ನ ಎರಡನೆಯವಳು ನಾಲ್ಕು ವರ್ಷದವಳಿದ್ದಾಗ ಬಂದಳು, ಅವಳೂ ಕಲಿತಳು. ನಿಧಾನವಾಯಿತು ಅಷ್ಟೇ.

ಓಟಗಾರ

ನಾನು ದಿನವೂ ಪಾರ್ಕಿನಲ್ಲಿ ಓಡುವವನು, ನಾಯಿ ಸಾಕಿಲ್ಲ. ನನ್ನ ಕಡೆಯಿಂದ ಒಂದು ಪ್ರಶ್ನೆ. ಇಂಥ ನಾಯಿ ಎದುರಾದರೆ ನಾನೇನು ಮಾಡಬೇಕು? ನಿಲ್ಲಬೇಕೇ?

ಪಶುವೈದ್ಯೆ

ಇಂಥ ಪ್ರಶ್ನೆ ಕೇಳುವವರು ಪ್ರತಿ ಪಾರ್ಕಿಗೂ ಹತ್ತು ಜನ ಇರಬೇಕು. ನೇರವಾಗಿ ನಾಯಿಯ ಕಡೆ ಓಡಿ ಬರಬೇಡಿ, ಬಿಲ್ಲಿನ ಹಾಗೆ ಬಳಸಿಕೊಂಡು ಹೋಗಿ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬಗ್ಗಿ ಕೈ ಚಾಚಬೇಡಿ. 'ಕೈ ಮೂಸಿಸಿದರೆ ಸ್ನೇಹವಾಗುತ್ತದೆ' ಎಂಬ ಮಾತನ್ನು ನಂಬಬೇಡಿ. ನಾಯಿಯ ಮೂಗಿಗೆ ನಿಮ್ಮ ವಾಸನೆ ಆಗಲೇ ತಲುಪಿರುತ್ತದೆ.

ಗೋಣಿತಾಟು

ನಾಯಿ ಬಿಟ್ಟುಕೊಂಡು ಬರುವವರ ಬಗ್ಗೆಯೂ ಯಾರಾದರೂ ಮಾತಾಡಿ! ಲೀಶ್ ಇಲ್ಲದ ನಾಯಿ ಬಾಣದ ಹಾಗೆ ನಮ್ಮ ಕಡೆ ನುಗ್ಗುತ್ತಿರುತ್ತದೆ, ಯಜಮಾನರು ನೂರು ಅಡಿ ಹಿಂದಿನಿಂದ 'ಅವನು ಏನೂ ಮಾಡುವುದಿಲ್ಲ' ಎಂದು ಕೂಗುತ್ತಾರೆ. ನಿಮ್ಮ ನಾಯಿ ಏನೂ ಮಾಡದಿರಬಹುದು, ನನ್ನ ನಾಯಿ ಮಾಡುತ್ತದಲ್ಲ! ನಾಲ್ಕು ತಿಂಗಳು ಕೂಡಿಟ್ಟದ್ದು ನಾಲ್ಕು ಸೆಕೆಂಡಿನಲ್ಲಿ ಹೋಗುತ್ತದೆ.

ಸಂಜೆನಡಿಗೆ

ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಕಳೆದ ವರ್ಷ ಹೀಗೆಯೇ ಒಂದು ದೊಡ್ಡ ನಾಯಿ ನುಗ್ಗಿ ನಮ್ಮದನ್ನು ಕೆಡವಿತು. ಯಜಮಾನರು ನಕ್ಕರು.

ಬೂದುಬಾಲ

ಲೀಶಿಗೆ ಹಳದಿ ಪಟ್ಟಿ ಕಟ್ಟಿ. 'ನನ್ನ ನಾಯಿಗೆ ಜಾಗ ಬೇಕು' ಎನ್ನುವ ಗುರುತು ಅದು. 2012ರಲ್ಲಿ ಸ್ವೀಡನ್‌ನಲ್ಲಿ ಈ ಅಭಿಯಾನ ಶುರುವಾಗಿ ಹಲವು ದೇಶಗಳಿಗೆ ಹಬ್ಬಿತು. ಅದರ ಅರ್ಥ ಎಲ್ಲರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಅದನ್ನೊಂದೇ ನಂಬಬೇಡಿ. ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿಸಬೇಕಾದದ್ದು ತಿರುಗುವಿಕೆ. 'ಬಾ ಹೋಗೋಣ' ಎಂದು ಉಲ್ಲಾಸದ ದನಿಯಲ್ಲಿ ಹೇಳಿ, ಬಂದ ದಾರಿಗೇ ತಿರುಗಿ ನಡೆಯಿರಿ, ಜೊತೆಗೆ ಬಂದ ಕೂಡಲೇ ತಿಂಡಿ. ನಡುಮನೆಯಲ್ಲಿ, ಮೆಟ್ಟಿಲ ಮೇಲೆ, ಅಂಗಳದಲ್ಲಿ. ಅಪಾಯ ಎದುರಾದಾಗ ಕಲಿಸಲು ಹೊತ್ತಿರುವುದಿಲ್ಲ, ಆಗ ಕಾಲಿಗೇ ಪಾಠ ಗೊತ್ತಿರಬೇಕು.

ಲೀಶ್‌ಗೆಳೆಯ

ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕಾಲರ್ ತಲೆಯಿಂದ ಕಳಚಿಬರುತ್ತದೆ. ಎದೆಯ ಮೇಲೆ ಇಂಗ್ಲಿಷ್‌ನ 'ವೈ' ಆಕಾರದಲ್ಲಿ ಕೂರುವ ಹಾರ್ನೆಸ್ ಹಾಕಿ, ಭುಜದ ಓಡಾಟಕ್ಕೆ ಅಡ್ಡ ಬರುವುದಿಲ್ಲ. ನಾನು ಹಾರ್ನೆಸ್‌ಗೊಂದು ಕೊಕ್ಕೆ, ಕಾಲರಿಗೊಂದು ಕೊಕ್ಕೆ, ಎರಡೂ ಹಾಕುತ್ತೇನೆ. ಒಂದು ಕಳಚಿದರೆ ಇನ್ನೊಂದು ಹಿಡಿಯುತ್ತದೆ. ಬಯಲು ಜಾಗದಲ್ಲಿ 5ರಿಂದ 10 ಮೀಟರ್ ಉದ್ದದ ಹಗ್ಗ ಒಳ್ಳೆಯದು, ಆದರೆ ಅದನ್ನು ಹಾರ್ನೆಸ್‌ಗೆ ಮಾತ್ರ ಸಿಕ್ಕಿಸಿ. ಉದ್ದದ ಹಗ್ಗ ಕಾಲರಿಗಿದ್ದು ನಾಯಿ ಓಡಿದರೆ ಪೆಟ್ಟು ಕತ್ತಿಗೆ ಬೀಳುತ್ತದೆ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಲೀಶ್ ಬೇಡವೇ ಬೇಡ. ಕೈಜಾರಿದರೆ ಆ ಪ್ಲಾಸ್ಟಿಕ್ ಹಿಡಿ ಸದ್ದು ಮಾಡುತ್ತಾ ನಾಯಿಯನ್ನು ಬೆನ್ನಟ್ಟುತ್ತದೆ, ನಾಯಿ ಅದಕ್ಕೆ ಹೆದರಿ ಇನ್ನೂ ಓಡುತ್ತದೆ.

ಇನ್ನೊಂದು. ಒಮ್ಮೆ ಬಾಯಿ ಹಾಕಿದ ನಾಯಿಗೆ ಮೂತಿಗೆ ಹಾಕುವ ಬುಟ್ಟಿಯಂಥ ಮಜಲ್ ಅಭ್ಯಾಸ ಮಾಡಿಸುವುದು ಒಳ್ಳೆಯದು. ಬಾಯಿ ಬಿಗಿಯುವ ಬಟ್ಟೆಯದಲ್ಲ. ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲಾಗುವುದಿಲ್ಲ, ಮೈಬಿಸಿ ಇಳಿಯುವುದಿಲ್ಲ. ಬುಟ್ಟಿಯಂಥದ್ದರಲ್ಲಿ ನೀರು ಕುಡಿಯಬಹುದು, ತಿಂಡಿ ತಿನ್ನಬಹುದು.

ಚುಕ್ಕಿಯಮ್ಮ

ಮಜಲ್ ಹಾಕಿದರೆ ಜನ ಅವಳನ್ನು ಕೆಟ್ಟ ನಾಯಿ ಎಂದುಕೊಳ್ಳುತ್ತಾರೆ. ಅದನ್ನು ನೆನೆದೇ ಮನಸ್ಸು ಒಪ್ಪುತ್ತಿಲ್ಲ.

ಲೀಶ್‌ಗೆಳೆಯ

ಅಂದುಕೊಳ್ಳಲಿ ಬಿಡಿ, ದೂರ ಸರಿಯುತ್ತಾರಲ್ಲ. ಚುಕ್ಕಿಗೆ ಬೇಕಾದದ್ದೂ ಅದೇ. ನಿಮ್ಮ ಕೈ ನಡುಗುವುದೂ ನಿಲ್ಲುತ್ತದೆ. ಲೀಶ್ ಬಿಗಿಯಾಗುವುದಿಲ್ಲ, ಅದು ಅವಳಿಗೆ ಗೊತ್ತಾಗುತ್ತದೆ. ಮೊದಲ ವಾರ ಮಜಲನ್ನು ಬಟ್ಟಲಿನ ಹಾಗೆ ಹಿಡಿದು ಒಳಗೆ ತಿಂಡಿ ಇಡಿ, ಅವಳೇ ಮೂತಿ ತೂರಿಸಲಿ. ಪಟ್ಟಿ ಕಟ್ಟುವುದು ಆಮೇಲಿನ ಮಾತು.

ಪುಸ್ತಕದಹುಳು

ಮೂಸುವುದಕ್ಕೆ ಬಿಡುವುದನ್ನು ಮರೆಯಬೇಡಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಗುಂಪಿನ ನಾಯಿಗಳಿಗೆ ಎರಡು ವಾರ ಮೂಗಿನಿಂದ ಹುಡುಕುವ ಆಟ ಆಡಿಸಿದರು, ಇನ್ನೊಂದು ಗುಂಪಿಗೆ ಯಜಮಾನರ ಪಕ್ಕದಲ್ಲೇ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ ತಿಂಡಿ ಇದೆಯೋ ಇಲ್ಲವೋ ಗೊತ್ತಾಗದ ಜಾಗದಲ್ಲಿ ಬಟ್ಟಲು ಇಟ್ಟಾಗ, ಮೂಸುವ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಅದರ ಬಳಿ ಹೋದವು. 'ಇದ್ದರೂ ಇರಬಹುದು' ಎಂಬ ಭರವಸೆ ಹೆಚ್ಚಾಗಿತ್ತು ಎಂದೇ ಸಂಶೋಧಕರು ಅದನ್ನು ಅರ್ಥೈಸಿದರು. ಹೆದರುವ ನಾಯಿಗೆ ಬೇಕಾದದ್ದು ಆ ಭರವಸೆ ತಾನೇ? ಹುಲ್ಲಿನ ಮೇಲೆ ಹತ್ತು ಚೂರು ಚೆಲ್ಲಿ 'ಹುಡುಕು' ಎನ್ನಿ.

ಗಟ್ಟಿಹಗ್ಗ

ಎರಡು ದಿನದಿಂದ ಓದುತ್ತಿದ್ದೇನೆ. ಯಜಮಾನ ಧೈರ್ಯವಾಗಿರಬೇಕು ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಹತ್ತುಹೆಜ್ಜೆಯವರು ಬರೆದ ಒದ್ದೆ ಹೆಜ್ಜೆಗುರುತಿನ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ನನ್ನ ಮೊದಲ ನಾಯಿಯ ಹೆಜ್ಜೆಗುರುತೂ ಮಾರುಕಟ್ಟೆಯ ಕಲ್ಲಿನ ಮೇಲೆ ಹಾಗೆಯೇ ಮೂಡುತ್ತಿತ್ತು. ನೀರು ತುಳಿದಿರಬೇಕು ಎಂದುಕೊಂಡಿದ್ದೆ. ಅವನು ಈಗಿಲ್ಲ. ಈಗಿರುವವಳು ಜನ ಎದುರಾದಾಗಲೆಲ್ಲ ಆಕಳಿಸುತ್ತಾಳೆ, ಮೂಗು ನೆಕ್ಕಿಕೊಳ್ಳುತ್ತಾಳೆ. ಅದೂ ಭಯವೇ?

ಹತ್ತುಹೆಜ್ಜೆ

ನಿದ್ದೆಯ ಹೊತ್ತಲ್ಲದಾಗ ಆಕಳಿಕೆ, ತಿಂಡಿ ಇಲ್ಲದಾಗ ಮೂಗು ನೆಕ್ಕುವುದು, ಮುಖ ಅತ್ತ ತಿರುಗಿಸುವುದು, ಇವು 'ನನಗೆ ಇರಿಸುಮುರಿಸಾಗುತ್ತಿದೆ' ಎನ್ನುವ ಮೆಲುದನಿಯ ಮಾತು. ಇದನ್ನು ಕೇಳದಿದ್ದರೆ ಗುರುಗುಟ್ಟುತ್ತಾರೆ. ಗುರುಗುಟ್ಟಿದಾಗ ಬೈದರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತಾರೆ. ಸುಮ್ಮನೆ ಒಂದು ವಾರ ಅವಳು ಎಷ್ಟು ಸಲ ಆಕಳಿಸುತ್ತಾಳೆ, ಯಾರು ಎಷ್ಟು ದೂರ ಇದ್ದಾಗ ಎಂದು ಬರೆದಿಡಿ ಸರ್. ಇಲ್ಲಿ ಹಾಕಿ, ಕೂತು ನೋಡೋಣ.

ಮೂರುಮರಿ

ನನ್ನ ಮೊದಲನೆಯವಳಿಗೆ ಈಗ ಹದಿಮೂರು. ಮೂತಿಯೆಲ್ಲ ಬೆಳ್ಳಗಾಗಿದೆ, ಕಿವಿ ಕೇಳುವುದಿಲ್ಲ. ಒಂದು ಕಾಲದಲ್ಲಿ ಸೈಕಲ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತಿದ್ದವಳು ಈಗ ಪಾರ್ಕಿನ ಬೆಂಚಿನಡಿ ಮಲಗಿ ಗೊರಕೆ ಹೊಡೆಯುತ್ತಾಳೆ. ವಿಷಯಕ್ಕೆ ಸಂಬಂಧವಿಲ್ಲ, ಹೇಳಬೇಕೆನಿಸಿತು.

ಗೋಣಿತಾಟು

ಹೇಳಿದ್ದು ಒಳ್ಳೆಯದಾಯಿತು.

ಚುಕ್ಕಿಯಮ್ಮ

ಏಳು ವಾರದ ನಂತರ ಬರೆಯುತ್ತಿದ್ದೇನೆ.

ಕಿವಿ ಸಂಪೂರ್ಣ ವಾಸಿಯಾಗಿದೆ. ಮೂರನೇ ವಾರದವರೆಗೂ ಪಾರ್ಕಿನ ಹೊರಗೇ ನಿಂತೆವು. ನಾಲ್ಕನೇ ವಾರ ಒಂದು ದಿನ ಎರಡು ನಾಯಿ, ಒಂದು ತಳ್ಳುಗಾಡಿ, ಮೇಲೆ ಪಟಾಕಿಯಂಥ ಒಂದು ಸದ್ದು, ಎಲ್ಲ ಹತ್ತು ನಿಮಿಷದಲ್ಲೇ ಬಂದವು. ಆಮೇಲೆ ಎರಡು ದಿನ ಅವಳು ಎಲೆ ಅಲುಗಿದರೂ ಬೆಚ್ಚುತ್ತಿದ್ದಳು. ಬೂದುಬಾಲ ಅವರಿಗೆ ಖಾಸಗಿಯಾಗಿ ಕೇಳಿದಾಗ ಮೂರು ದಿನ ಹೊರಗೆ ಕರೆದೊಯ್ಯದೆ ಮನೆಯಲ್ಲೇ ಮೂಸುವ ಆಟ ಆಡಿಸಲು ಹೇಳಿದರು. ಹಾಗೆಯೇ ಮಾಡಿದೆ, ಮತ್ತೆ 40 ಹೆಜ್ಜೆಯಿಂದ ಶುರು ಮಾಡಿದೆ.

ನಿನ್ನೆ ಬೆಳಿಗ್ಗೆ ಪಾರ್ಕಿನ ಒಳಗೆ, ಮೂಲೆಯ ಬೆಂಚಿನ ಮೇಲೆ ಕುಳಿತಿದ್ದೆವು. ಮಜಲ್ ಹಾಕಿತ್ತು, ಲೀಶಿಗೆ ಹಳದಿ ಪಟ್ಟಿ ಇತ್ತು. ಅಂದಿನ ಆ ಹಿರಿಯರೇ ಟೋಪಿ ಹಾಕಿಕೊಂಡು ಬಂದರು. ನಾನು ದೂರದಿಂದಲೇ ಕೈ ಎತ್ತಿ 'ಅಲ್ಲೇ ನಿಲ್ಲುತ್ತೀರಾ ಸರ್?' ಎಂದೆ. ನಿಂತರು, ನಮ್ಮ ಕಡೆ ನೋಡದೆ ಮರದ ಕಡೆ ಮುಖ ಮಾಡಿದರು. ಹದಿನೆಂಟು ಹೆಜ್ಜೆ ಇತ್ತು, ಆಮೇಲೆ ಅಳೆದೆ. ಚುಕ್ಕಿ ಎದ್ದು ನಿಂತಳು. ಕಿವಿ ಮುಂದಕ್ಕೆ ಬಂತು, ಮೂಗಿನ ಹೊಳ್ಳೆ ಎರಡು ಸಲ ಅಲುಗಿತು. ನಾನು 'ಹೂಂ' ಎನ್ನುವ ಮೊದಲೇ ನನ್ನ ಕಡೆ ತಿರುಗಿದಳು. ತಿಂಡಿ ಕೊಟ್ಟೆ. ತುಟಿಯಿಂದ ತೆಗೆದುಕೊಂಡಳು. ಆಮೇಲೆ ಒಮ್ಮೆ ಮೈ ಕೊಡವಿ, ಬೆಂಚಿನ ಕಾಲಿನ ಬಳಿ ಇದ್ದ ಹುಲ್ಲನ್ನು ಮೂಸತೊಡಗಿದಳು. ಹಿರಿಯರು ಇನ್ನೂ ಅಲ್ಲೇ ನಿಂತಿದ್ದರು.

ಓಡುವವರ ಭಯವೂ ಇಳಿದಿದೆ. ತಳ್ಳುಗಾಡಿಗೆ ಮಾತ್ರ ಇನ್ನೂ 35 ಹೆಜ್ಜೆ ಬೇಕು. ಅದರ ಚಕ್ರದ ಸದ್ದಿಗೋ, ಒಳಗಿನ ಮಗುವಿನ ದನಿಗೋ ತಿಳಿಯುತ್ತಿಲ್ಲ. ಏನು ಮಾಡಲಿ?

ಹತ್ತುಹೆಜ್ಜೆ

ಯಾರ ಬಳಿಯಾದರೂ ಒಂದು ಖಾಲಿ ತಳ್ಳುಗಾಡಿ ಕೇಳಿ ತನ್ನಿ. ಮೊದಲ ದಿನ ಅದು ಸುಮ್ಮನೆ ನಿಂತಿರಲಿ, ಸುತ್ತ ಹುಲ್ಲಿನಲ್ಲಿ ತಿಂಡಿ ಚೆಲ್ಲಿ. ಹತ್ತಿರ ಹೋಗು ಎಂದು ಕರೆಯಬೇಡಿ, ಅವಳೇ ಹೋಗಲಿ. ಎರಡನೇ ದಿನ ಯಾರಾದರೂ ದೂರದಲ್ಲಿ ಅದನ್ನು ಒಂದೇ ಒಂದು ಅಡಿ ತಳ್ಳಲಿ. ಕೂಡಲೇ ಕತ್ತೆತ್ತಿದರೆ ಚಕ್ರದ ಸದ್ದು, ಇಲ್ಲದಿದ್ದರೆ ಮಗುವಿನ ದನಿ. ಯಾವುದೆಂದು ಬಂದು ಹೇಳಿ.

ಓಟಗಾರ

ನಮ್ಮ ಅಕ್ಕನ ಮನೆಯಲ್ಲಿ ಇಂಥದ್ದೇ ಒಂದು ಖಾಲಿ ಬಿದ್ದಿತ್ತು, ಕಳೆದ ತಿಂಗಳು ಯಾರಿಗೋ ಕೊಟ್ಟುಬಿಟ್ಟರು, ಛೆ. ಹಳೆಯ ತಳ್ಳುಗಾಡಿ ಸಿಗದಿದ್ದರೆ ಚಕ್ರವಿರುವ ಸೂಟ್‌ಕೇಸ್ ಆದೀತೇ?

ಹತ್ತುಹೆಜ್ಜೆ

ಸದ್ದಿನ ಪರೀಕ್ಷೆಗೆ ಖಂಡಿತ ಆಗುತ್ತದೆ.